ಯಾರಿಗೂ ಕೊಡದೆ ಉಳಿದ ಬಹುಮಾನ

2004ರ ಮಾರ್ಚ್ 13ರ ಬೆಳಗ್ಗೆ ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಒಂದು ವಿಚಿತ್ರ ರೇಸ್ ಶುರುವಾಯಿತು. ಕಣದಲ್ಲಿದ್ದ ಯಾವ ಗಾಡಿಯಲ್ಲೂ ಡ್ರೈವರ್ ಇರಲಿಲ್ಲ. ದಾರಿ ಸುಮಾರು 230 ಕಿಲೋಮೀಟರ್. ಬರೀ ಕಲ್ಲು, ಮಣ್ಣು, ತಿರುವು. ರಿಮೋಟ್ ಒತ್ತುವವರೂ ಇಲ್ಲದೆ ಹತ್ತು ಗಂಟೆಯೊಳಗೆ ಅಷ್ಟನ್ನೂ ಮುಗಿಸಿ ಮೊದಲು ಬಂದ ಗಾಡಿಗೆ 10 ಲಕ್ಷ ಡಾಲರ್. ಹಣ ಇಟ್ಟಿದ್ದು ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾ.

ತಾನೇ ಓಡಬೇಕಿದ್ದ ಒಂದು ಮೋಟರ್‌ಸೈಕಲ್ ಹೊರಟ ಜಾಗದಲ್ಲೇ ಮಗುಚಿ ಬಿತ್ತು. ಅದನ್ನು ಬೀಳದಂತೆ ಹಿಡಿಯುವ ವ್ಯವಸ್ಥೆಯ ಸ್ವಿಚ್ ಹಾಕೋದನ್ನೇ ಮರೆತಿದ್ದರು! ಎಲ್ಲರಿಗಿಂತ ದೂರ ಹೋದದ್ದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ 'ಸ್ಯಾಂಡ್‌ಸ್ಟಾರ್ಮ್'. ಎಷ್ಟು ದೂರ? ಹನ್ನೆರಡು ಕಿಲೋಮೀಟರ್ ಕೂಡ ಇಲ್ಲ. ಒಂದು ತಿರುವಿನಲ್ಲಿ ಪಕ್ಕದ ಮಣ್ಣಿನ ಏರಿ ಹತ್ತಿ ಹೊಟ್ಟೆ ಸಿಕ್ಕಿಸಿಕೊಂಡಿತು. ಚಕ್ರ ಗಿರಗಿರ ತಿರುಗಿ, ಟೈರ್ ಹೊಗೆಯಾಡಿ, ಅಲ್ಲಿಗೆ ಕಥೆ ಮುಗಿಯಿತು. ಬಹುಮಾನದ ಹಣ ಯಾರಿಗೂ ಹೋಗಲಿಲ್ಲ.

ನನ್ನನ್ನು ಕೇಳಿದರೆ ಎಐ ಮತ್ತು ರೋಬೋಟ್‌ಗಳ ಚರಿತ್ರೆಯಲ್ಲಿ ಅತಿ ಒಳ್ಳೆಯ ಬಹುಮಾನ ಅಂದರೆ ಹಾಗೆ ಕೊಡದೆ ಉಳಿದ ಆ 10 ಲಕ್ಷ ಡಾಲರ್. ಈ ಕೆಲಸ ಇನ್ನೂ ಯಾರ ಕೈಲೂ ಆಗಿಲ್ಲ ಅಂತ ಅದು ಎಲ್ಲರೆದುರು ಹೇಳಿತು. ಮರುವರ್ಷ ಅಕ್ಟೋಬರ್‌ನಲ್ಲಿ ಮೊತ್ತವನ್ನು 20 ಲಕ್ಷಕ್ಕೆ ಏರಿಸಿ ಮತ್ತೆ ಪಂದ್ಯ ಇಟ್ಟರು. 23 ಗಾಡಿಗಳು ಬಂದವು. ಅದರಲ್ಲಿ 22 ಗಾಡಿಗಳು ಸ್ಯಾಂಡ್‌ಸ್ಟಾರ್ಮ್ ಸಿಕ್ಕಿಬಿದ್ದ ದೂರವನ್ನು ದಾಟಿದವು. ಐದು ಗಾಡಿಗಳು 212 ಕಿಲೋಮೀಟರ್ ದಾರಿಯ ಕೊನೆ ಮುಟ್ಟಿದವು. ಸ್ಟ್ಯಾನ್‌ಫರ್ಡ್‌ನ 'ಸ್ಟ್ಯಾನ್ಲಿ' 6 ಗಂಟೆ 54 ನಿಮಿಷಕ್ಕೆ ಬಂದು ಗೆದ್ದಿತು. ಇವತ್ತು ಡ್ರೈವರ್ ಇಲ್ಲದ ಟ್ಯಾಕ್ಸಿಗಳನ್ನು ಕಟ್ಟಿದವರಲ್ಲಿ ಎಷ್ಟೋ ಜನ ಈ ಪಂದ್ಯಗಳಲ್ಲಿ ಗಾಡಿ ನಿಲ್ಲಿಸಿಕೊಂಡು ತಲೆ ಮೇಲೆ ಕೈ ಹೊತ್ತವರೇ.

ಈಗ ಈ ಕ್ಷೇತ್ರದಲ್ಲಿ ಪ್ರಶಸ್ತಿಗಳಿಗೆ ಬರವಿಲ್ಲ. ವರ್ಷದ ಎಐ ಸಾಧಕ, ವರ್ಷದ ರೋಬೋಟ್ ಕಂಪನಿ, ಮೆದುಳಿನ ತಂತ್ರಜ್ಞಾನದ ನಾಳಿನ ನಾಯಕ, ಹೀಗೆ ಸಾಲು ಸಾಲು. ಕೆಲವು ತಿಂಗಳ ಹಿಂದೆ ನನಗೂ ಅಂಥ ಒಂದು ಮೇಲ್ ಬಂತು. 'ಅಭಿನಂದನೆಗಳು, ನೀವು ಅಂತಿಮ ಪಟ್ಟಿಯಲ್ಲಿದ್ದೀರಿ' ಅಂತ. ನಾನು ಅರ್ಜಿಯನ್ನೇ ಹಾಕಿರಲಿಲ್ಲ. ಕುತೂಹಲಕ್ಕೆ ಕೆಳಗೆ ಓದುತ್ತಾ ಹೋದೆ. ಹೆಸರು ಖಚಿತಪಡಿಸಲು ಇಷ್ಟು ಹಣ, ಸಮಾರಂಭದಲ್ಲಿ ಟೇಬಲ್‌ಗೆ ಇಷ್ಟು, ಟ್ರೋಫಿಯ ಇನ್ನೊಂದು ಪ್ರತಿ ಬೇಕಾದರೆ ಇಷ್ಟು, ವೆಬ್‌ಸೈಟ್‌ನಲ್ಲಿ 'ವಿಜೇತ' ಅನ್ನೋ ಚಿಹ್ನೆ ಹಾಕಿಕೊಳ್ಳೋಕೆ ವರ್ಷಕ್ಕೆ ಇಷ್ಟು. ವಿಭಾಗಗಳು ನಲವತ್ತಕ್ಕಿಂತ ಜಾಸ್ತಿ. ತೀರ್ಪುಗಾರರು ಯಾರು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ.

ಪ್ರವೇಶ ಶುಲ್ಕ ಇದ್ದ ಮಾತ್ರಕ್ಕೆ ಪ್ರಶಸ್ತಿ ಬೋಗಸ್ ಆಗುವುದಿಲ್ಲ. ಖರ್ಚು ಎಲ್ಲರಿಗೂ ಇರುತ್ತದೆ. ನಾನು ನೋಡೋದು ಒಂದನ್ನೇ. ಈ ಪ್ರಶಸ್ತಿ ಈ ವರ್ಷ ಯಾರಿಗೂ ಸಿಗದೆ ಹೋಗಬಹುದಾ? ಸೋಲು ಅಂದರೆ ಏನು ಅಂತ ಮೊದಲೇ ಬರೆದಿಟ್ಟಿದ್ದಾರಾ? ನಲವತ್ತು ವಿಭಾಗಕ್ಕೂ ವಿಜೇತರು ಇದ್ದೇ ಇರುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಅಲ್ಲಿ ಅಳೆಯೋದು ಏನೂ ಇಲ್ಲ, ಹಂಚೋದಷ್ಟೇ.

ಹಾಗಂತ ಅಳತೆಗೋಲು ಇಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತಾ ಅಂದರೆ ಅದೂ ಇಲ್ಲ. ಲೋಬ್ನರ್ ಬಹುಮಾನದ ಕಥೆ ನೋಡಿ. ಹ್ಯೂ ಲೋಬ್ನರ್ ಅನ್ನುವವರು ಸ್ಥಾಪಿಸಿದ ಬಹುಮಾನ ಅದು. ಮನುಷ್ಯ ಯಾರು, ಯಂತ್ರ ಯಾವುದು ಅಂತ ತೀರ್ಪುಗಾರರಿಗೆ ಗೊತ್ತಾಗದ ಹಾಗೆ ಮಾತಾಡುವ ಪ್ರೋಗ್ರಾಂಗೆ 1 ಲಕ್ಷ ಡಾಲರ್ ಮತ್ತು ಚಿನ್ನದ ಪದಕ. ಮೊದಲ ಸ್ಪರ್ಧೆ 1991ರಲ್ಲಿ, ಕೊನೆಯದು 2019ರಲ್ಲಿ. ಆ ಚಿನ್ನದ ಪದಕ ಕೊನೆವರೆಗೂ ಯಾರಿಗೂ ಸಿಗಲಿಲ್ಲ. ಆದರೆ ಇದ್ದವುಗಳಲ್ಲಿ ಚೆನ್ನಾಗಿರುವುದಕ್ಕೆ ಪ್ರತಿವರ್ಷ ಕಂಚಿನ ಪದಕ ಹೋಗುತ್ತಿತ್ತು. ಎಡವಟ್ಟಾದದ್ದು ಅಲ್ಲೇ. ಮೊದಲ ವರ್ಷ ಪ್ರತಿ ಪ್ರೋಗ್ರಾಂ ಒಂದೊಂದು ವಿಷಯದ ಮೇಲಷ್ಟೇ ಮಾತಾಡಿದರೆ ಸಾಕಿತ್ತು. ಗೆದ್ದ ಪ್ರೋಗ್ರಾಂ ಆರಿಸಿಕೊಂಡ ವಿಷಯ ಏನು ಗೊತ್ತಾ? ತಮಾಷೆಯ ಹರಟೆ! ಏನು ಅಸಂಬದ್ಧ ಉತ್ತರ ಬಂದರೂ ತಮಾಷೆ ಅಂತ ನಡೆದುಹೋಯಿತು. ಬುದ್ಧಿ ಬೆಳೆಸೋದಕ್ಕಿಂತ ತೀರ್ಪುಗಾರರಿಗೆ ಟೋಪಿ ಹಾಕೋದು ಸುಲಭ ಅಂತ ಆ ಕಂಚು ಎಲ್ಲರಿಗೂ ಹೇಳಿಕೊಟ್ಟಿತು.

ಎಐ ಸಂಶೋಧನೆಯ ಹಿರಿಯ ಮಾರ್ವಿನ್ ಮಿನ್ಸ್ಕಿ ಇದರಿಂದ ಎಷ್ಟು ರೋಸಿಹೋದರು ಅಂದರೆ, ಲೋಬ್ನರ್ ಈ ಸ್ಪರ್ಧೆ ನಿಲ್ಲಿಸುವಂತೆ ಮಾಡಿದವರಿಗೆ 100 ಡಾಲರ್ ಕೊಡುತ್ತೇನೆ ಅಂತ 1995ರಲ್ಲಿ ಸಾರಿದರು. ಲೋಬ್ನರ್ ಬಿಡುವ ಆಸಾಮಿಯಲ್ಲ. ಯಾರಾದರೂ ಚಿನ್ನ ಗೆದ್ದರೆ ಸ್ಪರ್ಧೆ ತಾನಾಗಿ ನಿಲ್ಲುತ್ತದೆ, ಆಗ ಮಿನ್ಸ್ಕಿ ಅವರಿಗೆ 100 ಡಾಲರ್ ಕೊಡಲೇಬೇಕು, ಅಲ್ಲಿಗೆ ಮಿನ್ಸ್ಕಿ ಕೂಡ ನಮ್ಮ ಪ್ರಾಯೋಜಕರೇ ಆದರು ಅಂತ ತಿರುಗೇಟು ಕೊಟ್ಟರು. ಈ ಜಗಳ ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಆದರೆ ಮಿನ್ಸ್ಕಿ ಸಿಟ್ಟಿನಲ್ಲಿ ನ್ಯಾಯ ಇತ್ತು.

ಒಳ್ಳೆಯ ಅಳತೆ ಹೇಗಿರಬೇಕು ಅನ್ನೋದಕ್ಕೆ ಪ್ರೋಟೀನ್ ವಿಜ್ಞಾನಿಗಳ ಹತ್ತಿರ ಹೋಗಬೇಕು. 1994ರಿಂದ ಎರಡು ವರ್ಷಕ್ಕೊಮ್ಮೆ ಅವರು 'ಕ್ಯಾಸ್ಪ್' ಅನ್ನೋ ಪರೀಕ್ಷೆ ನಡೆಸುತ್ತಾ ಬಂದಿದ್ದಾರೆ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆ ಸರ. ಆ ಸರ ಹೇಗೆ ಮಡಚಿಕೊಳ್ಳುತ್ತದೆ ಅನ್ನೋದರ ಮೇಲೆ ಅದರ ಕೆಲಸ ನಿಂತಿದೆ. ಲ್ಯಾಬ್‌ನಲ್ಲಿ ಆಕಾರ ಪತ್ತೆಯಾಗಿರುವ, ಆದರೆ ಇನ್ನೂ ಎಲ್ಲೂ ಪ್ರಕಟವಾಗದ ಪ್ರೋಟೀನ್‌ಗಳ ಸರವನ್ನು ಸ್ಪರ್ಧಿಗಳಿಗೆ ಕೊಡುತ್ತಾರೆ. ಆಕಾರ ಊಹಿಸಿ ಹೇಳಬೇಕು. ಉತ್ತರ ಹೊರಗೆ ಬಂದೇ ಇಲ್ಲವಾದ್ದರಿಂದ ಕಾಪಿ ಹೊಡೆಯೋಕೆ ದಾರಿಯಿಲ್ಲ. 100ಕ್ಕೆ ಸುಮಾರು 90 ಅಂಕ ಬಂದರೆ ಲ್ಯಾಬ್‌ನ ಫಲಿತಾಂಶಕ್ಕೆ ಸಮ ಅಂತ ಲೆಕ್ಕ. ವರ್ಷಗಟ್ಟಲೆ ಯಾರೂ ಅದರ ಹತ್ತಿರ ಸುಳಿಯಲಿಲ್ಲ. 2020ರಲ್ಲಿ ಗೂಗಲ್‌ನ ಎಐ ಸಂಸ್ಥೆ ಡೀಪ್‌ಮೈಂಡ್‌ನ ಆಲ್ಫಾಫೋಲ್ಡ್ ಪ್ರೋಗ್ರಾಂ ಪಡೆದ ಮಧ್ಯಾಂಕ (ಎಲ್ಲ ಅಂಕಗಳನ್ನು ಸಾಲಾಗಿ ಇಟ್ಟರೆ ನಡುವೆ ಬರುವುದು) 92.4.

ನಾಲ್ಕು ವರ್ಷದ ನಂತರ, 2024ರ ಅಕ್ಟೋಬರ್ 9ರಂದು, ಆಲ್ಫಾಫೋಲ್ಡ್ ಕಟ್ಟಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್‌ನ ಅರ್ಧ ಪಾಲು ಬಂತು. ಉಳಿದರ್ಧ ಹೊಸ ಪ್ರೋಟೀನ್‌ಗಳನ್ನೇ ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಅವರಿಗೆ. ನೊಬೆಲ್ ಲೆಕ್ಕದಲ್ಲಿ ನಾಲ್ಕು ವರ್ಷ ಅಂದರೆ ಕಣ್ಣು ಮಿಟುಕಿಸಿದಷ್ಟು. ಸಮಿತಿ ಅಷ್ಟು ಧೈರ್ಯ ಮಾಡಿದ್ದರ ಹಿಂದೆ ಕ್ಯಾಸ್ಪ್ ಇದೆ. ನಿಜವಾದ ತೀರ್ಪು ಅಲ್ಲೇ ಆಗಿಹೋಗಿತ್ತು. ಸ್ಟಾಕ್‌ಹೋಮ್‌ನವರು ಪದಕ ಕೊಟ್ಟರು, ಅಷ್ಟೇ.

ಅದರ ಹಿಂದಿನ ದಿನದ ಭೌತಶಾಸ್ತ್ರದ ನೊಬೆಲ್ ಕಥೆಯೇ ಬೇರೆ. ಅದು ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ ಹೋಯಿತು. ಹಾಪ್‌ಫೀಲ್ಡ್ ತಮ್ಮ ಮುಖ್ಯ ಪ್ರಬಂಧ ಬರೆದದ್ದು 1982ರಲ್ಲಿ. ನೊಬೆಲ್ ಬಂದಾಗ ಅವರಿಗೆ 91 ವರ್ಷ. ಯಂತ್ರದಲ್ಲಿ ನೆನಪು ಇಡೋದು ಹೇಗೆ ಅನ್ನೋ ಅವರ ಯೋಚನೆ ಸೊಗಸಾಗಿದೆ. ಬೆಟ್ಟ, ಕಣಿವೆಗಳಿರುವ ಒಂದು ನೆಲ ಅಂದುಕೊಳ್ಳಿ. ಪ್ರತಿ ನೆನಪೂ ಒಂದು ಕಣಿವೆ. ಅರ್ಧಂಬರ್ಧ ನೆನಪಿರುವ ಚಿತ್ರವೊಂದನ್ನು ಕೊಟ್ಟರೆ ಅದು ಇಳಿಜಾರಿನಲ್ಲಿ ಬಿಟ್ಟ ಗೋಲಿಯ ಹಾಗೆ ಉರುಳಿ ಹತ್ತಿರದ ಕಣಿವೆಯಲ್ಲಿ ನಿಲ್ಲುತ್ತದೆ. ಅಲ್ಲಿ ಪೂರ್ತಿ ಚಿತ್ರ ಸಿಗುತ್ತದೆ. ಈ ಕಣಿವೆಗಳ ಗಣಿತ ಅಯಸ್ಕಾಂತದ ಭೌತಶಾಸ್ತ್ರದಿಂದ ಬಂದದ್ದು. ಹಿಂಟನ್ ಮತ್ತು ಸಂಗಡಿಗರು ಇದೇ ದಾರಿಯಲ್ಲಿ ಮುಂದೆ ಹೋಗಿ, ಉದಾಹರಣೆಗಳಿಂದ ತಾನೇ ಕಲಿಯುವ ಬೋಲ್ಟ್ಸ್‌ಮನ್ ಯಂತ್ರ ಅನ್ನೋ ಜಾಲ ಕಟ್ಟಿದರು. ಕಂಪ್ಯೂಟರ್ ವಿಜ್ಞಾನಕ್ಕೆ ನೊಬೆಲ್ ಇಲ್ಲ. ಆದ್ದರಿಂದ ಈ ಭೌತಶಾಸ್ತ್ರದ ಎಳೆ ಹಿಡಿದು ಸಮಿತಿ ಅವರನ್ನು ಒಳಗೆ ಕರೆದುಕೊಂಡಿತು. ಇದು ಭೌತಶಾಸ್ತ್ರವಾ ಅಂತ ದೊಡ್ಡ ಚರ್ಚೆಯೇ ಆಯಿತು. ನನಗೇನೋ ಆ ಚರ್ಚೆಯಲ್ಲಿ ಅಷ್ಟು ಆಸಕ್ತಿ ಇಲ್ಲ. ಹೊರಗುಳಿದವರು ಯಾರು ಅನ್ನೋದು ಹೆಚ್ಚು ಕಾಡುತ್ತದೆ.

ಮೆದುಳಿನ ನರಜಾಲದ ಮಾದರಿಯಲ್ಲಿ ಕಟ್ಟಿದ ಇವತ್ತಿನ ನ್ಯೂರಲ್ ನೆಟ್‌ವರ್ಕ್‌ಗಳು ಕಲಿಯುವ ವಿಧಾನವನ್ನು ಜನಪ್ರಿಯ ಮಾಡಿದ 1986ರ ಪ್ರಬಂಧದಲ್ಲಿ ಮೂರು ಹೆಸರುಗಳಿವೆ. ಮೊದಲನೆಯದು ಡೇವಿಡ್ ರೂಮೆಲ್‌ಹಾರ್ಟ್, ಎರಡನೆಯದು ಹಿಂಟನ್, ಮೂರನೆಯದು ರೊನಾಲ್ಡ್ ವಿಲಿಯಮ್ಸ್. ರೂಮೆಲ್‌ಹಾರ್ಟ್ 2011ರಲ್ಲಿ ತೀರಿಕೊಂಡರು. ತೀರಿಕೊಂಡವರಿಗೆ ನೊಬೆಲ್ ಇಲ್ಲ. ಅವರ ಹೆಸರಿನಲ್ಲೇ ಒಂದು ಪ್ರಶಸ್ತಿ ಇದೆ. 2001ರಲ್ಲಿ ಅದನ್ನು ಮೊದಲು ಪಡೆದವರು ಹಿಂಟನ್! ಅವರಿಗಿಂತ ಹಿಂದೆ ಫ್ರಾಂಕ್ ರೋಸೆನ್‌ಬ್ಲಾಟ್ ಇದ್ದರು. 1958ರಲ್ಲೇ 'ಪರ್ಸೆಪ್ಟ್ರಾನ್' ಅನ್ನೋ ಮೊದಮೊದಲ ನ್ಯೂರಲ್ ನೆಟ್‌ವರ್ಕ್ ತಂದವರು. 1971ರಲ್ಲಿ, ತಮ್ಮ 43ನೇ ಹುಟ್ಟುಹಬ್ಬದ ದಿನವೇ ದೋಣಿ ಅಪಘಾತದಲ್ಲಿ ಹೋದರು. ಜಪಾನಿನ ಶುನ್‌ಇಚಿ ಅಮಾರಿ 1972ರಲ್ಲೇ, ಅಂದರೆ ಹಾಪ್‌ಫೀಲ್ಡ್‌ಗಿಂತ ಹತ್ತು ವರ್ಷ ಮೊದಲೇ, ಇಂಥದೇ ನೆನಪಿನ ಜಾಲದ ಬಗ್ಗೆ ಬರೆದಿದ್ದರು. ಅವರಿಗೆ 2025ರಲ್ಲಿ ಕ್ಯೋಟೋ ಪ್ರಶಸ್ತಿ ಬಂತು, 10 ಕೋಟಿ ಯೆನ್. ತಡವಾದರೂ ಬಂತಲ್ಲ ಅನ್ನಬೇಕು.

ಒಂದು ವಿಭಾಗದ ನೊಬೆಲ್ ಅನ್ನು ಮೂರಕ್ಕಿಂತ ಜಾಸ್ತಿ ಜನರಿಗೆ ಹಂಚುವಂತಿಲ್ಲ. ಎಐ ಕೆಲಸ ಈಗ ಹಾಗೆ ನಡೆಯುವುದೇ ಇಲ್ಲ. ಚಾಟ್‌ಜಿಪಿಟಿಯಂಥ ಎಲ್ಲ ಚಾಟ್‌ಬಾಟ್‌ಗಳ ಬೆನ್ನೆಲುಬು 'ಟ್ರಾನ್ಸ್‌ಫಾರ್ಮರ್'. 2017ರಲ್ಲಿ ಅದನ್ನು ಪರಿಚಯಿಸಿದ ಪ್ರಬಂಧಕ್ಕೆ ಎಂಟು ಲೇಖಕರು. ಎಲ್ಲರ ಪಾಲೂ ಸಮ, ಹೆಸರುಗಳ ಸಾಲಿಗೆ ಅರ್ಥವಿಲ್ಲ ಅಂತ ಅವರೇ ಅಡಿಟಿಪ್ಪಣಿ ಹಾಕಿದ್ದಾರೆ. ಎಂಟು ಜನರಲ್ಲಿ ಮೂವರನ್ನು ಯಾರು ಆರಿಸೋದು, ಹೇಗೆ? ಇನ್ನೊಂದು ಸಂಗತಿ: ಅದು ಮಂಡನೆಯಾದ ಸಮ್ಮೇಳನದಲ್ಲಿ ಆ ವರ್ಷ ಅತ್ಯುತ್ತಮ ಪ್ರಬಂಧ ಪ್ರಶಸ್ತಿ ಮೂರು ಪ್ರಬಂಧಗಳಿಗೆ ಹೋಯಿತು. ಆ ಮೂರರಲ್ಲಿ ಇದು ಇರಲಿಲ್ಲ.

ಇದಕ್ಕೆ ಸಂಶೋಧಕರೇ ಕಂಡುಕೊಂಡ ಮದ್ದು 'ಕಾಲದ ಪರೀಕ್ಷೆ' ಪ್ರಶಸ್ತಿ. ಪ್ರಬಂಧ ಬಂದು ಹತ್ತು ವರ್ಷ ಆಗಲಿ, ಆಮೇಲೆ ನೋಡೋಣ ಅನ್ನೋ ಲೆಕ್ಕ. ಪದಗಳನ್ನು ಅಂಕಿಗಳಾಗಿ ಬದಲಿಸುವ 'ವರ್ಡ್‌ಟುವೆಕ್' ವಿಧಾನದ ಮೊದಲ ಪ್ರಬಂಧವನ್ನು 2013ರಲ್ಲಿ ಒಂದು ಸಮ್ಮೇಳನ ಬೇಡ ಅಂತ ವಾಪಸ್ ಕಳಿಸಿತ್ತು. ಅದರ ಮುಂದಿನ ಪ್ರಬಂಧಕ್ಕೆ 2023ರಲ್ಲಿ ಎಐ ಸಂಶೋಧಕರ ನ್ಯೂರಿಪ್ಸ್ ಸಮ್ಮೇಳನದ ಕಾಲದ ಪರೀಕ್ಷೆ ಪ್ರಶಸ್ತಿ ಬಂತು. ನನಗೆ ಈ ಬಗೆ ಇಷ್ಟ. ಗಲಾಟೆಯೆಲ್ಲ ಅಡಗಿ, ಯಾವುದು ಉಳಿಯಿತು ಅಂತ ನೋಡಿ ಕೊಡೋದು.

ಎಐ ಪ್ರಶಸ್ತಿಗಳಲ್ಲಿ ಬೇರೆಲ್ಲೂ ಅಷ್ಟಾಗಿ ಕಾಣದ ಇನ್ನೊಂದು ವಿಷಯ ಇದೆ. ಗೆದ್ದವರೇ ವೇದಿಕೆ ಮೇಲೆ ನಿಂತು ತಮ್ಮ ಕೆಲಸದ ಬಗ್ಗೆ ಎಚ್ಚರಿಸುತ್ತಾರೆ. ನೊಬೆಲ್ ಕರೆ ಬಂದಾಗ ಹಿಂಟನ್ ಕ್ಯಾಲಿಫೋರ್ನಿಯಾದ ಒಂದು ಅಗ್ಗದ ಹೋಟೆಲ್‌ನಲ್ಲಿದ್ದರು. ಇಂಟರ್‌ನೆಟ್ ಇಲ್ಲ, ಫೋನ್ ಲೈನೂ ಅಷ್ಟಕ್ಕಷ್ಟೆ. ಆ ದಿನ ಎಂಆರ್‌ಐ ಸ್ಕ್ಯಾನ್ ಇತ್ತು, ಅದನ್ನು ರದ್ದು ಮಾಡಬೇಕು ಅಂತ ಹೇಳಿಕೊಂಡರು. ಅದೇ ಕರೆಯಲ್ಲಿ, ನಮಗಿಂತ ಬುದ್ಧಿವಂತ ಯಂತ್ರಗಳು ಕೈತಪ್ಪಿ ಹೋಗುವ ಭಯವನ್ನೂ ಹೇಳಿದರು. 2025ರ ಮಾರ್ಚ್‌ನಲ್ಲಿ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪ್ರಕಟವಾದಾಗ, ಅದನ್ನು ಗೆದ್ದ ಆಂಡ್ರ್ಯೂ ಬಾರ್ಟೊ ಮತ್ತು ರಿಚರ್ಡ್ ಸಟನ್ ಕೂಡ, ಸರಿಯಾಗಿ ಪರೀಕ್ಷಿಸದೆ ಕಂಪನಿಗಳು ಎಐ ಅನ್ನು ಜನರ ಕೈಗೆ ಕೊಡುತ್ತಿವೆ ಅಂತ ದೂರಿದರು. ಆ ಪ್ರಶಸ್ತಿಯ 10 ಲಕ್ಷ ಡಾಲರ್ ಕೊಡುವುದು ಗೂಗಲ್. ಆರಿಸುವುದು ಗೂಗಲ್ ಅಲ್ಲ, ಎಸಿಎಂ ಅನ್ನೋ ವೃತ್ತಿಪರರ ಸಂಘ. ಆದರೂ ಹಣ ಎಲ್ಲಿಂದ ಬರುತ್ತದೆ ಅನ್ನೋದನ್ನು ಓದುಗರು ತಿಳಿದಿದ್ದರೆ ತಪ್ಪೇನಿಲ್ಲ ಅಲ್ವಾ?

ಈಚೆಗೆ ಕಂಪನಿಗಳು ತಮಗೆ ತಾವೇ ಪದಕ ಹಾಕಿಕೊಳ್ಳೋದೂ ಶುರುವಾಗಿದೆ. 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಪ್ರಶ್ನೆಗಳಿಗೆ ಓಪನ್‌ಎಐ ಮತ್ತು ಗೂಗಲ್ ಡೀಪ್‌ಮೈಂಡ್ ಎರಡರ ಎಐಗಳೂ 42ಕ್ಕೆ 35 ಅಂಕ ಪಡೆದವು. ಚಿನ್ನದ ಗೆರೆ ಸರಿಯಾಗಿ 35. ಡೀಪ್‌ಮೈಂಡ್‌ನ ಉತ್ತರಗಳನ್ನು ನೋಡಿದ್ದು ಒಲಿಂಪಿಯಾಡ್‌ನವರೇ. ಓಪನ್‌ಎಐ ತಾನೇ ಕರೆಸಿದ ಹಳೆಯ ಪದಕ ವಿಜೇತರಿಂದ ಮೌಲ್ಯಮಾಪನ ಮಾಡಿಸಿ ಎರಡು ದಿನ ಮೊದಲೇ ಸುದ್ದಿ ಬಿಟ್ಟಿತು. ಅಂಕ ಒಂದೇ. ಆದರೆ ಪರೀಕ್ಷೆ ಬರೆದವರೇ ಪೇಪರ್ ತಿದ್ದುವವರನ್ನೂ ಕರೆತಂದರೆ ಕೇಳುವವರಿಗೆ ಯಾಕೋ ಸಮಾಧಾನ ಆಗೋದಿಲ್ಲ.

ರೋಬೋಟ್‌ಗಳ ವಿಷಯದಲ್ಲಿ ಈ ತಾಪತ್ರಯ ಕಡಿಮೆ. ರೋಬೋಟ್ ಬಿದ್ದರೆ ಎಲ್ಲರಿಗೂ ಕಾಣುತ್ತದೆ. ಫುಕುಶಿಮಾ ಅಣು ದುರಂತದ ನಂತರ ಡಾರ್ಪಾ ಇಟ್ಟ ಸ್ಪರ್ಧೆಯ ಅಂತಿಮ ಸುತ್ತು 2015ರ ಜೂನ್‌ನಲ್ಲಿ ನಡೆಯಿತು. ಬಾಗಿಲು ತೆಗೆಯಬೇಕು, ವಾಲ್ವ್ ತಿರುಗಿಸಬೇಕು, ಕಲ್ಲುಮಣ್ಣಿನ ರಾಶಿ ದಾಟಬೇಕು. ಬೀಳದಂತೆ ಹಗ್ಗ ಕಟ್ಟುವಂತಿಲ್ಲ. ಸುಮ್ನೆ ನಿಂತಿದ್ದ ರೋಬೋಟ್‌ಗಳು ಕುಡಿದವರ ಹಾಗೆ ವಾಲಿ ದೊಪ್ಪನೆ ಬಿದ್ದವು. ಆ ವಿಡಿಯೋಗಳನ್ನು ಜಗತ್ತೇ ನೋಡಿ ನಕ್ಕಿತು. ಗೆದ್ದದ್ದು ಕೊರಿಯಾದ ಹ್ಯೂಬೋ. ಅದರ ಗುಟ್ಟು ಸರಳ. ನಡೆಯುವ ಕಷ್ಟ ಬೇಡ ಅನ್ನಿಸಿದ ಕಡೆ ಮಂಡಿಯೂರಿ, ಕಾಲಿನ ಚಕ್ರದ ಮೇಲೆ ಉರುಳಿಕೊಂಡು ಹೋಗುತ್ತಿತ್ತು. ಮನುಷ್ಯನ ಹಾಗೆ ಕಾಣೋದಕ್ಕೆ ಅಂಕ ಇರಲಿಲ್ಲ. ಕೆಲಸ ಮುಗಿಸೋದಕ್ಕಷ್ಟೇ ಇತ್ತು.

ನ್ಯೂರೋಟೆಕ್, ಅಂದರೆ ಮೆದುಳಿಗೆ, ನರಗಳಿಗೆ ಜೋಡಿಸುವ ಯಂತ್ರಗಳ ವಿಷಯಕ್ಕೆ ಬಂದರೆ ಇದ್ಯಾವುದೂ ಸಾಲುವುದಿಲ್ಲ. ಮರುಭೂಮಿಯಲ್ಲಿ ಗಾಡಿ ನಿಂತರೆ ಎಳೆದುಕೊಂಡು ಬರಬಹುದು. ಇಲ್ಲಿ ಯಂತ್ರ ಮನುಷ್ಯನ ತಲೆಯೊಳಗೋ ಕಣ್ಣೊಳಗೋ ಇರುತ್ತದೆ. ಆರ್ಗಸ್ 2 ಅನ್ನೋ ಕೃತಕ ಕಣ್ಣಿನ ಉದಾಹರಣೆ ತಗೊಳ್ಳಿ. ಕನ್ನಡಕದಲ್ಲಿ ಪುಟ್ಟ ಕ್ಯಾಮೆರಾ, ಕಣ್ಣಿನ ಹಿಂಪೊರೆಯ ಮೇಲೆ 60 ಎಲೆಕ್ಟ್ರೋಡ್. 2013ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಾಗ ಎಲ್ಲೆಡೆ ಹೊಗಳಿಕೆ. 350ಕ್ಕೂ ಹೆಚ್ಚು ಜನ ಅದನ್ನು ಹಾಕಿಸಿಕೊಂಡರು. ಕೆಲವೇ ವರ್ಷಗಳಲ್ಲಿ ತಯಾರಿಸಿದ ಕಂಪನಿ ಹಣದ ಮುಗ್ಗಟ್ಟಿಗೆ ಸಿಕ್ಕಿ ಆ ಕೆಲಸವನ್ನೇ ಕೈಬಿಟ್ಟಿತು. ಹೊರಗಿನ ಪೆಟ್ಟಿಗೆ ಕೆಟ್ಟರೆ ರಿಪೇರಿ ಮಾಡುವವರೇ ಇಲ್ಲವಾದರು. ಯಂತ್ರ ಕೆಟ್ಟವರಿಗೆ ಕಂಡಷ್ಟು ಬೆಳಕೂ ಹೋಯಿತು, ಕಣ್ಣೊಳಗಿನ ಲೋಹ ಮಾತ್ರ ಉಳಿಯಿತು. ಮೊದಲ ದಿನದ ಡೆಮೋ ನೋಡಿ ಕೊಡುವ ಯಾವ ಪ್ರಶಸ್ತಿಗೂ ಇದು ಕಾಣುವುದಿಲ್ಲ.

ಈ ವಿಷಯದಲ್ಲಿ ವೈದ್ಯಕೀಯದ ಹಳೆಯ ಪ್ರಶಸ್ತಿಗಳು ಹುಷಾರಾಗಿವೆ. ಕಿವಿ ಕೇಳದವರಿಗೆ ಹಾಕುವ ಕಾಕ್ಲಿಯರ್ ಇಂಪ್ಲಾಂಟ್‌ಗೆ ಲ್ಯಾಸ್ಕರ್ ಪ್ರಶಸ್ತಿ ಬಂದದ್ದು 2013ರಲ್ಲಿ. ಅದನ್ನು ಪಡೆದ ಮೂವರಲ್ಲಿ ಒಬ್ಬರಾದ ಗ್ರೇಮ್ ಕ್ಲಾರ್ಕ್ ಮೆಲ್ಬರ್ನ್‌ನಲ್ಲಿ ತಮ್ಮ ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದ್ದು 1978ರಲ್ಲಿ. ನಡುವೆ 35 ವರ್ಷ. ಪಾರ್ಕಿನ್ಸನ್ ಕಾಯಿಲೆಯವರ ಮೆದುಳಿಗೆ ಸಣ್ಣ ವಿದ್ಯುತ್ ಕೊಟ್ಟು ನಡುಕ ನಿಲ್ಲಿಸುವ ವಿಧಾನವೂ ಹಾಗೇ. ಅಲಿಮ್ ಲೂಯಿ ಬೆನಾಬಿದ್ ಅದಕ್ಕೆ ದಾರಿ ತೆರೆದದ್ದು 1987ರಲ್ಲಿ, ಮಹ್ಲೋನ್ ಡಿಲಾಂಗ್ ಜೊತೆ ಲ್ಯಾಸ್ಕರ್ ಪಡೆದದ್ದು 2014ರಲ್ಲಿ. ಅಷ್ಟು ವರ್ಷದಲ್ಲಿ ಯಾರ ತಲೆಯೊಳಗೆ ಏನು ಕೆಟ್ಟಿತು, ಏನು ಉಳಿಯಿತು ಅನ್ನೋದೆಲ್ಲ ಗೊತ್ತಾಗಿತ್ತು.

ಅಷ್ಟು ಕಾಯೋಕೆ ಆಗದವರಿಗೆ ಇನ್ನೊಂದು ದಾರಿ ತೋರಿಸಿದ್ದು ಸ್ವಿಟ್ಜರ್ಲೆಂಡ್‌ನ ಸೈಬಾಥ್ಲಾನ್. ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದ ರಾಬರ್ಟ್ ರೀನರ್ ಅವರ ಯೋಚನೆ ಇದು. ಮೊದಲು ನಡೆದದ್ದು 2016ರ ಅಕ್ಟೋಬರ್ 8ರಂದು. ಇಲ್ಲಿ ಸ್ಪರ್ಧೆಗೆ ಇಳಿಯುವವರು ಅಂಗವಿಕಲರೇ. ಅವರನ್ನು 'ಪೈಲಟ್' ಅನ್ನುತ್ತಾರೆ. ಒಂದು ಸ್ಪರ್ಧೆಯಲ್ಲಿ ಕೈಕಾಲು ಆಡದ ಪೈಲಟ್‌ಗಳು ತಲೆಗೆ ಎಲೆಕ್ಟ್ರೋಡ್ ಟೋಪಿ ಹಾಕಿಕೊಂಡು, ಬರೀ ಯೋಚನೆಯಿಂದ ಕಂಪ್ಯೂಟರ್ ಆಟದ ಗೊಂಬೆಯನ್ನು ಓಡಿಸುತ್ತಾರೆ. ತಪ್ಪು ಆಜ್ಞೆ ಹೋದರೆ ಗೊಂಬೆ ನಿಧಾನವಾಗುತ್ತದೆ. ಜನ ಕೂಗುತ್ತಿರುತ್ತಾರೆ, ಪೈಲಟ್ ಗಮನ ಕದಲುವಂತಿಲ್ಲ. ಲ್ಯಾಬ್‌ನ ನಿಶ್ಶಬ್ದದಲ್ಲಿ ಚೆನ್ನಾಗಿ ನಡೆಯುವ ಯಂತ್ರ ಇಲ್ಲಿ ತಡವರಿಸೋದು ಉಂಟು.

ಕೃತಕ ಕೈಗಳ ಸ್ಪರ್ಧೆಯಲ್ಲಿ ಮನೆಗೆಲಸ ಮಾಡಿ ತೋರಿಸಬೇಕಿತ್ತು. ಬ್ರೆಡ್ ಕತ್ತರಿಸಬೇಕು. ಬಟ್ಟೆಯನ್ನು ಹಗ್ಗಕ್ಕೆ ಹಾಕಿ ಕ್ಲಿಪ್ ಸಿಕ್ಕಿಸಬೇಕು. ಗಡಿಯಾರ ಓಡುತ್ತಿರುತ್ತದೆ. ಸ್ನಾಯುಗಳ ವಿದ್ಯುತ್ ಸಂಕೇತ ಓದಿ ಐದೂ ಬೆರಳು ಆಡಿಸುವ ಮೋಟರ್ ಕೈಗಳು ಸಾಲಾಗಿ ಬಂದಿದ್ದವು. ಅವುಗಳ ನಡುವೆ ಒಬ್ಬ ಪೈಲಟ್ ಹಳೇ ಬಗೆಯ ಕೈ ಕಟ್ಟಿಕೊಂಡು ಬಂದಿದ್ದರು. ಭುಜಕ್ಕೆ ಒಂದು ಪಟ್ಟಿ, ಪಟ್ಟಿಯಿಂದ ಒಂದು ಕೇಬಲ್. ಭುಜ ಅಲ್ಲಾಡಿಸಿದರೆ ಕೇಬಲ್ ಎಳೆದು ಹಿಡಿತ ಬಿಗಿಯಾಗುತ್ತದೆ. ಎಷ್ಟು ಬಿಗಿಯಾಯಿತು ಅನ್ನೋದು ಭುಜಕ್ಕೇ ಗೊತ್ತಾಗುತ್ತದೆ. ಆ ಪೈಲಟ್ ದಶಕಗಳಿಂದ ಅಂಥ ಕೈಯನ್ನೇ ಬಳಸುತ್ತಿದ್ದವರು. ಚಿನ್ನ ಗೆದ್ದದ್ದು ಅವರೇ. ಆ ಕೈಯಲ್ಲಿ ಮೋಟರ್ ಇರಲಿಲ್ಲ, ಬ್ಯಾಟರಿಯೂ ಇರಲಿಲ್ಲ.